ಪಾಣೀ ಸೋಡಾ

ಕಳೆದ ತಿಂಗಳು ನಮ್ಮ ಕಾಲೇಜಿನ ಕನ್ನಡ ಸಂಘದ ಇಬ್ಬರು ಹುಡುಗರು ಮನೆಗೆ ಬಂದಿದ್ದರು. "ಸಾರ್, ನೀವು ಹಳೇ ವಿದ್ಯಾರ್ಥಿ. ಹೊರದೇಶದಲ್ಲಿ ಕೆಲಸ ಹುಡುಕೋದರ ಬಗ್ಗೆ ನಮ್ಮ ಪತ್ರಿಕೆಗೆ ಏನಾದ್ರೂ ಬರೆದುಕೊಡಿ. ಇಂಗ್ಲಿಷ್ ಒಂದು ಬಂದ್ರೆ ಎಲ್ಲಿ ಬೇಕಾದ್ರೂ ಬದುಕಬಹುದು, ಅಲ್ವಾ ಸಾರ್?" ಎಂದರು. ನಾನು ಹೊರದೇಶ ಕಂಡವನಲ್ಲ. ಒಂದು ಸಲ ಪಾಸ್‌ಪೋರ್ಟ್ ಮಾಡಿಸಿದ್ದುಂಟು; ಅದು ಒಂದು ಮುದ್ರೆಯನ್ನೂ ಕಾಣದೆ ತನ್ನ ಅವಧಿ ಮುಗಿಸಿತು. ಆದರೆ ಇಂಗ್ಲಿಷನ್ನು ಕಂಕುಳಲ್ಲಿಟ್ಟುಕೊಂಡು, ನೆಲದ ಭಾಷೆಯ ಒಂದಕ್ಷರ ಗೊತ್ತಿಲ್ಲದ ಕಡೆ ಕೆಲಸಕ್ಕೆ ಅಲೆದವನು ಹೌದು. ನನ್ನ ಪರದೇಶದ ಹೆಸರು ಕುರಕುಂಭ.

ಹೆಸರು ಕೇಳಿ ನಗಬೇಡಿ. ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ಊರು ಅದು. ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲಿದೆ. ಆಗ ಅದಕ್ಕೆ 9ನೇ ನಂಬರಿನ ಹೆದ್ದಾರಿ ಅನ್ನುತ್ತಿದ್ದರು, ಈಗ 65. ಊರಲ್ಲಿ ಫಿರಂಗಾಈ ದೇವಿಯ ಗುಡಿ ಇದೆ. ಊರ ಪಕ್ಕದ ಒಣನೆಲದಲ್ಲಿ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ವಸಾಹತು. ಎಲ್ಲರೂ ಎಂಐಡಿಸಿ ಎಂದೇ ಕರೆಯುತ್ತಾರೆ. ಔಷಧಿಯ ಮೂಲವಸ್ತುಗಳು, ಅಮೀನುಗಳು, ಇಂಥ ರಸಾಯನ ತಯಾರಿಸುವ ಕಾರ್ಖಾನೆಗಳು ಸಾಲಾಗಿವೆ. ಬಸ್ಸಿಳಿಯುವ ಮೊದಲೇ ಊರು ಬಂತೆಂದು ಮೂಗು ಹೇಳುತ್ತಿತ್ತು.

ನಾನು ಹೋದದ್ದು 2003ರ ಜೂನ್‌ನಲ್ಲಿ. ಮಧುಗಿರಿ ಕಡೆಯ ಹುಡುಗ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ., ಎರಡನೇ ದರ್ಜೆ. ಪೀಣ್ಯದಲ್ಲಿ ಚಪ್ಪಲಿ ಸವೆಸಿ ಆಗಿತ್ತು. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಒಬ್ಬ ಗೆಳೆಯ ಕುರಕುಂಭದಿಂದ ಕಾಗದ ಬರೆದ: "ಬಂದುಬಿಡು. ಇಲ್ಲಿ ಇಂಗ್ಲಿಷ್ ಬರೆಯೋರು ಕಡಿಮೆ." ಅಷ್ಟು ಸಾಕಾಯಿತು. ಅಪ್ಪ ಸೊಸೈಟಿಯಿಂದ ಸಾಲ ತೆಗೆದು 2,000 ರೂಪಾಯಿ ಕೊಟ್ಟರು. ಬೆಂಗಳೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ರಾಯಚೂರು, ವಾಡಿ, ಗುಲ್ಬರ್ಗ ಆಯಿತು. ಸೊಲ್ಲಾಪುರದ ಪ್ಲಾಟ್‌ಫಾರಂನಲ್ಲಿ ಚಹಾ ಮಾರುವವನು ಕನ್ನಡದಲ್ಲೇ ಚಿಲ್ಲರೆ ಕೇಳಿದ. ಪರವಾಗಿಲ್ಲ, ನಮ್ಮವರೇ ಇದ್ದಾರೆ ಎಂದುಕೊಂಡು ಕಿಟಕಿಗೆ ತಲೆಯಿಟ್ಟು ಮಲಗಿದೆ. ಎದ್ದಾಗ ದೌಂಡ್. ಕನ್ನಡ ಎಲ್ಲೋ ಹಿಂದೆ ಇಳಿದುಹೋಗಿತ್ತು.

ಕಾಗದ ಬರೆದ ಗೆಳೆಯ ಎಂಟೇ ದಿನಕ್ಕೆ ಹೆಚ್ಚಿನ ಸಂಬಳ ಸಿಕ್ಕಿತೆಂದು ಹೈದರಾಬಾದಿಗೆ ಹೊರಟ. ಅವನ ಖೋಲಿ, ಒಂದು ಸ್ಟವ್, ಬಾಡಿಗೆಯ ಬಾಕಿ ಇಷ್ಟು ನನಗೆ ಉಳಿದವು. ನಾನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿ, ಟೈಪು ಮಾಡಿಸಿದ ಬಯೋಡಾಟಾ ಹಿಡಿದು, ಒಂದೊಂದೇ ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದೆ. ಗೇಟಿನಲ್ಲಿ ಕೂತವರಿಗೆ ನನ್ನ ಇಂಗ್ಲಿಷ್ ಬೇಡವಾಗಿತ್ತು. "ಕಾಯ್ ಪಾಹಿಜೇ?" ಎಂದರೆ ಏನು ಬೇಕು ಎಂದು ಊಹಿಸಿ, "ಐ ವಾಂಟ್ ಟು ಮೀಟ್ ದಿ ಪರ್ಸನಲ್ ಆಫೀಸರ್" ಎನ್ನುತ್ತಿದ್ದೆ. ಮೂರನೇ ಭಾಷೆಯಾಗಿ ಕಲಿತ ಹಿಂದಿ ಪರೀಕ್ಷೆಯ ಪದ್ಯಗಳಿಗೆ ಸಾಕಾಗಿತ್ತು, ಗೇಟಿಗೆ ಸಾಲಲಿಲ್ಲ. ಒಬ್ಬ ಮುದುಕ ವಾಚ್‌ಮನ್ನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗಿದ್ದವನಿಗೆ "ಫಿರಂಗೀ ಆಲಾ ರೇ!" ಎಂದು ಕೂಗಿದ. ಇಬ್ಬರೂ ನಕ್ಕರು. ಪರಂಗಿ ಬಂದ ಎಂದು. ಆ ಸಂಜೆ ಫಿರಂಗಾಈ ಗುಡಿಯ ಮೆಟ್ಟಿಲ ಮೇಲೆ ಕೂತು, ತಾಯೀ, ನಿನ್ನ ಹೆಸರಲ್ಲೂ ಅದೇ ಇದೆಯಲ್ಲ ಎಂದುಕೊಂಡೆ. ದೇವಿಯ ಹೆಸರು ಅಲ್ಲಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಭಾಷಾಶಾಸ್ತ್ರ ಓದುವ ಗೆಳೆಯರು ದಯವಿಟ್ಟು ಜಗಳಕ್ಕೆ ಬರಬಾರದು. ಹಸಿದವನ ಕಿವಿಗೆ ಹಾಗೆ ಕೇಳಿಸಿತು, ಅಷ್ಟೆ.

ಎಲ್ಲ ಗೇಟಿನಲ್ಲೂ ಕೊನೆಯ ಮಾತು ಒಂದೇ: "ಉದ್ಯಾ ಯಾ." ನಾಳೆ ಬನ್ನಿ. ನಮ್ಮ ಕಡೆ ದೆವ್ವ ಬಾಗಿಲು ತಟ್ಟಬಾರದೆಂದು ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಆ ದೆವ್ವದ ಕಷ್ಟ ನನಗೆ ಕುರಕುಂಭದಲ್ಲಿ ತಿಳಿಯಿತು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೊನೇ ವರ್ಷದಲ್ಲಿ ಇದೇ ಸಂಘದ ಚರ್ಚಾಸ್ಪರ್ಧೆಯಲ್ಲಿ ನಾನು ಸರೋಜಿನಿ ಮಹಿಷಿ ವರದಿಯ ಪರವಾಗಿ ಮೇಜು ಕುಟ್ಟಿ ಮಾತಾಡಿದ್ದೆ. 1983ರಲ್ಲಿ ನೇಮಕವಾದ ಸಮಿತಿ, 1986ರ ಅಂತಿಮ ವರದಿ, 58 ಶಿಫಾರಸುಗಳು, ಎಲ್ಲ ಬಾಯಿಪಾಠ. ಕನ್ನಡ ಬಾರದವನಿಗೆ ಕನ್ನಡನಾಡಿನ ಕಾರ್ಖಾನೆಯಲ್ಲಿ ಏನು ಕೆಲಸ ಎಂದು ಕೇಳಿದಾಗ ಸಭೆ ಚಪ್ಪಾಳೆ ತಟ್ಟಿತ್ತು. ಬಹುಮಾನವಾಗಿ ಬಂದ ಸ್ಟೀಲ್ ಲೋಟವನ್ನು ಕುರಕುಂಭಕ್ಕೂ ತಂದಿದ್ದೆ, ಅದರಲ್ಲೇ ಚಹಾ ಕುಡಿಯುತ್ತಿದ್ದೆ. ಮಹಾರಾಷ್ಟ್ರದಲ್ಲೂ ನೂರಕ್ಕೆ 80 ಕೆಲಸ ಸ್ಥಳೀಯರಿಗೆ, 15 ವರ್ಷ ಅಲ್ಲಿ ನೆಲೆಸಿದವನೇ ಸ್ಥಳೀಯ ಎಂಬ ಸರ್ಕಾರದ ಧೋರಣೆಯಿದೆ. "ಸ್ಥಾನಿಕ ಆಹೇಸ್ ಕಾ?" ಎಂದು ಒಂದು ಗೇಟಿನಲ್ಲಿ ಕೇಳಿದರು. ನೀನು ಇಲ್ಲಿಯವನಾ? ನನ್ನ ಭಾಷಣವನ್ನೇ ಅವನು ಮರಾಠಿಯಲ್ಲಿ ನನಗೆ ವಾಪಸು ಓದಿದ ಹಾಗಾಯಿತು. ಅವನು ಕೇಳಿದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಸರಿ ಎನ್ನಲು ಹೊಟ್ಟೆ ಬಿಡಲಿಲ್ಲ. 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ ಖಾಸಗಿ ಕೆಲಸಗಳಲ್ಲಿ ಸ್ಥಳೀಯರ ಮೀಸಲಾತಿಯ ಮಸೂದೆಗೆ ಒಪ್ಪಿಗೆ ಕೊಟ್ಟು ಆ ವಾರವೇ ತಡೆಹಿಡಿಯಿತಲ್ಲ, ಆಗ ಗೆಳೆಯರೆಲ್ಲ ನನ್ನ ಅಭಿಪ್ರಾಯ ಕೇಳಿದರು. ನಾನು ಇನ್ನೂ ಆ ಗೇಟಿನಲ್ಲೇ ನಿಂತಿದ್ದೇನೆ.

ಹನ್ನೊಂದನೇ ದಿನ ಒಂದು ಕಾರ್ಖಾನೆಯ ಮ್ಯಾನೇಜರರು ಒಳಗೆ ಕರೆದರು. ತಮಿಳರು. ಮರಾಠಿ ಅವರಿಗೂ ಅಷ್ಟಕ್ಕಷ್ಟೆ. ನಾರ್ಮಾಲಿಟಿ ಎಂದರೇನು, ನೀರಿನ ಅಂಶ ಹೇಗೆ ಅಳೆಯುತ್ತೀ ಎಂದು ಎರಡು ಪ್ರಶ್ನೆ ಕೇಳಿ, ಒಂದು ಬಿಳಿ ಹಾಳೆ ಕೊಟ್ಟು, "ನಿನ್ನೆ ನೀನು ಏನೇನು ಮಾಡಿದೆ, ಇಂಗ್ಲಿಷಿನಲ್ಲಿ ಬರೆ" ಎಂದರು. ಬರೆದೆ. ಬಸ್ಸು, ಗೇಟು, ವಡಾಪಾವು, ಗುಡಿ. ಅವರು ಅಕ್ಷರ ನೋಡಿ, ವಾಕ್ಯ ನೋಡಿ, ತಲೆಯಾಡಿಸಿದರು. ಮಾಲು ಕೊಳ್ಳುವ ಪರದೇಶದವರು ತಪಾಸಣೆಗೆ ಬರುತ್ತಾರಂತೆ. ಹತ್ತು ನಿಮಿಷ ರಿಯಾಕ್ಟರು ನೋಡಿದರೆ ಎರಡು ದಿನ ಕಾಗದ ನೋಡುತ್ತಾರಂತೆ. ಕಾಗದ ಚೆನ್ನಾಗಿರಬೇಕು. ತಿಂಗಳಿಗೆ 3,200 ರೂಪಾಯಿ, ಆರು ತಿಂಗಳು ಪ್ರೊಬೇಷನ್, ಹುದ್ದೆ ಪ್ರೊಡಕ್ಷನ್ ಕೆಮಿಸ್ಟ್. ಹೊರಗೆ ಬಂದಾಗ ಅದೇ ಮುದುಕ ವಾಚ್‌ಮನ್ನು ಎದ್ದು ನಿಂತು ಸಲಾಮು ಹೊಡೆದ. ಗೆದ್ದೆ ಎಂದುಕೊಂಡೆ. ಇಂಗ್ಲಿಷ್ ಕೈಬಿಡಲಿಲ್ಲ ಎಂದು ಅಪ್ಪನಿಗೆ ಕಾಗದ ಬರೆದೆ.

ಕೆಲಸವೆಂದರೆ ಬ್ಯಾಚ್ ಶೀಟು ತುಂಬುವುದು. ಎಷ್ಟು ಗಂಟೆಗೆ ಏನು ಹಾಕಿದರು, ಉಷ್ಣತೆ ಎಷ್ಟಿತ್ತು, ಒತ್ತಡ ಎಷ್ಟಿತ್ತು ಎಂದು ಪ್ರತಿ ಹೆಜ್ಜೆಗೂ ಒಂದು ಸಾಲು. ಸಾಲಿನ ಕೊನೆಗೆ ಎರಡು ಕಾಲಂ: 'ಡನ್ ಬೈ', 'ಚೆಕ್ಡ್ ಬೈ'. ಮಾಡಿದವರು ಯಾರು, ನೋಡಿದವರು ಯಾರು. ಕಾಲಂಗಳು ಇಂಗ್ಲಿಷು, ಕೆಲಸ ಮರಾಠಿ. ಆಪರೇಟರುಗಳು ಆ ಸೀಮೆಯ ಹುಡುಗರು, ಐಟಿಐ ಓದಿದವರು, ಕೆಲಸದಲ್ಲಿ ಗಟ್ಟಿಗರು. ಅವರ ಕೆಳಗೆ ಠೇಕೇದಾರನ ಹೆಲ್ಪರುಗಳು. ಡ್ರಮ್ಮು ಉರುಳಿಸುವುದು, ಮೂಟೆ ಹೊರುವುದು, ಸೆಂಟ್ರಿಫ್ಯೂಜಿನಿಂದ ಒದ್ದೆ ಪುಡಿ ತೋಡುವುದು ಅವರ ಪಾಲು.

ಮೊದಲ ವಾರ ಕ್ಯಾಂಟೀನಿನಲ್ಲಿ ಬಿಸಿ ಚಹಾ ನಾಲಿಗೆಗೆ ಮುಟ್ಟಿ "ಅಯ್ಯೋ ಶಿವನೇ" ಎಂದೆ. ಹಿಂದಿನ ಬೆಂಚಿನಿಂದ ಒಂದು ದನಿ: "ಕನ್ನಡದವರೇನ್ರೀ ಸರ? ಯಾವೂರ್ರೀ ನಿಮ್ದು?" ತಿರುಗಿ ನೋಡಿದರೆ ಐವತ್ತು ದಾಟಿದ ಹೆಲ್ಪರು, ತಲೆಗೆ ಟವೆಲು ಸುತ್ತಿದವನು. ಬಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಎಲ್ಲರೂ ಅವನನ್ನು ಇಂಡಿ ಕಾಕಾ ಅನ್ನುತ್ತಿದ್ದರು, ನಾನೂ ಕಾಕಾ ಎಂದೇ ಕರೆದೆ. ಮಳೆ ಕೈಕೊಟ್ಟ ಒಂದು ವರ್ಷ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕಬ್ಬು ಕಡಿಯಲು ಬಂದವನು, ಹಾಗೇ ಕಾರ್ಖಾನೆ ಸೇರಿದ್ದ. "ನಿಮ್ಮ ಕನ್ನಡ ಭಾಳ ಮೆತ್ತಗದ ಬಿಡ್ರಿ ಸರ, ರೇಡಿಯೋದಾಗ ಮಾತಾಡ್ದಂಗ" ಎಂದು ನಕ್ಕ. ಅವನ ಕನ್ನಡ ನನಗೂ ಅರ್ಧ ತಡವಾಗಿ ಅರ್ಥವಾಗುತ್ತಿತ್ತು. ಆದರೂ ಆ ದಿನ ಊಟ ಹೊಟ್ಟೆಗೆ ಹತ್ತಿತು. ಅವನಿಗೆ ಓದು ಎರಡನೇ ಇಯತ್ತೆ. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕೇಳಿದವನ ಮುಖ ನೋಡಿ ಬದಲಿಸಿ ಮಾತಾಡುತ್ತಿದ್ದ. ಊರಿಂದ ಮಗಳು ಬರೆದ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ. ಬದಲಿಗೆ ಮರಾಠಿ ಕಲಿಸುತ್ತೇನೆಂದ. ನಾನು, ಆಗಲಿ ಕಾಕಾ, ನಿಧಾನಕ್ಕೆ ಎಂದೆ. ಕೆಲಸ ಸಿಕ್ಕಿತ್ತಲ್ಲ, ಮರಾಠಿಗೆ ಏನವಸರ!

ಸೆಪ್ಟೆಂಬರಿನ ಒಂದು ರಾತ್ರಿ ಪಾಳಿ. ಮೇಲಿನ ಕಟ್ಟೆಯ ಮೇಲೆ ರಿಯಾಕ್ಟರಿನ ಹತ್ತಿರ ಆಪರೇಟರು. ಕೆಳಗೆ ನಾನು, ಬ್ಯಾಚ್ ಶೀಟು, ಕಾಕಾ. ಒಂದು ರಸಾಯನವನ್ನು ಇನ್ನೊಂದರೊಳಗೆ ಸಣ್ಣಗೆ, ಹನಿಹನಿಯಾಗಿ ಬಿಡಬೇಕು. ಅದು ತಾನೇ ಬಿಸಿಯಾಗುವ ಕ್ರಿಯೆ. 30 ಡಿಗ್ರಿ ದಾಟಬಾರದೆಂದು ಶೀಟಿನಲ್ಲಿ ದಪ್ಪ ಅಕ್ಷರದಲ್ಲಿದೆ. ಅದಕ್ಕೆ ರಿಯಾಕ್ಟರಿನ ಹೊರಕವಚದಲ್ಲಿ ತಣ್ಣನೆಯ ಉಪ್ಪುನೀರು ಹರಿಯುತ್ತಿರುತ್ತದೆ. ಎರಡೂವರೆ ದಾಟಿದ ಮೇಲೆ ಆ ಉಪ್ಪುನೀರಿನ ಪಂಪು ಟ್ರಿಪ್ ಆಯಿತು. ಸೆಂಟ್ರಿಫ್ಯೂಜಿನ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ. ಮೇಲಿನಿಂದ ಆಪರೇಟರು ಬಗ್ಗಿ ಕೂಗಿದ: "ಪಾಣೀ ಸೋಡಾ! ಲವಕರ ಪಾಣೀ ಸೋಡಾ!"

ಪಾಣೀ ಎಂದರೆ ನೀರು, ಗೊತ್ತು. ಸೋಡಾ ಗೊತ್ತು. ಕಾಸ್ಟಿಕ್ ಸೋಡಾ, ಅನಿಲ ತೊಳೆಯುವ ಸ್ಕ್ರಬ್ಬರಿಗೆ ನೀರು, ಸೋಡಾ ಎರಡನ್ನೂ ಹಾಕುವುದನ್ನು ದಿನಾ ನೋಡುತ್ತಿದ್ದೆ. ಲವಕರ ಎಂದರೆ ಬೇಗ. ಬಿ.ಎಸ್ಸಿ. ಓದಿದ ತಲೆ ಕ್ಷಣದಲ್ಲಿ ಲೆಕ್ಕ ಹಾಕಿತು: ಅನಿಲ ಹೆಚ್ಚಾಗಿದೆ, ಸೋಡಾ ಬೇಕು. ಸ್ಟೋರಿಗೆ ಓಡಿದೆ. ಮೂಟೆಯನ್ನು ಹೆಗಲಿಗೇರಿಸಿಕೊಂಡು, ಕುತ್ತಿಗೆ ಉರಿಯುತ್ತಿದ್ದರೂ ಬಿಡದೆ ಓಡಿ ಬಂದೆ.

ಬಂದಾಗ ಕಾಕಾ ಕಂಬದ ಹಿಂದಿನ ವಾಲ್ವಿನ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ಮುಗಿಸಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಕವಚಕ್ಕೆ ಸಾದಾ ನೀರಿನ ಬದಲಿ ಲೈನು ಅದು. ಮೇಲೆ ಆಪರೇಟರು ಹನಿ ನಿಲ್ಲಿಸಿ ಥರ್ಮಾಮೀಟರ್ ನೋಡುತ್ತ ಕೂಗುತ್ತಿದ್ದ. 41ಕ್ಕೆ ಹೋಗಿದ್ದು ಈಗ 39, ಈಗ 38. ನಾನು ಮೂಟೆ ಹೊತ್ತು ನಿಂತೆ.

"ಸರ, ಅದೇನ್ ತಂದ್ರಿ?"

"ಸೋಡಾ, ಕಾಕಾ."

ಕಾಕಾ ನಗಲಿಲ್ಲ. ಮೂಟೆಯನ್ನು ನನ್ನ ಹೆಗಲಿಂದ ಇಳಿಸಿ, ಕುತ್ತಿಗೆಗೆ ನೀರು ಹಾಕಿ ತೊಳೆದ. "ಸೋಡಾ ಅಂದ್ರ ಬಿಡ್ರಿ ಅಂತ. ಪಾಣೀ ಸೋಡಾ ಅಂದ್ರ ನೀರ್ ಬಿಡ್ರಿ" ಎಂದ.

ಆಪರೇಟರು ಇಳಿದು ಬಂದು ವಿಷಯ ತಿಳಿದಾಗ ಮೊದಲು ಬೈದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಅವನು ವರವಂಡದವನು, ವಾರಕರಿ ಮನೆತನ. ತುಕಾರಾಮರ ಪಾಲಖಿ ಪ್ರತಿ ಆಷಾಢದಲ್ಲಿ ಆ ಊರಿನ ಮೇಲೇ ಪಂಢರಪುರಕ್ಕೆ ಹೋಗುತ್ತದೆ. ನಮ್ಮ ತುಕೋಬಾ ನಿನ್ನಂಥವರ ಮೇಲೇ ಒಂದು ಅಭಂಗ ಮಾಡಿದ್ದಾನೆ ಎಂದ. ಕಾಕಾ ಅನುವಾದ ಮಾಡಿದ. ಒಬ್ಬ ಕನ್ನಡತಿ ಮರಾಠಿ ಗಂಡನನ್ನು ಕಟ್ಟಿಕೊಂಡಳು, ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಹಾಗೆ ಇದೆ ಆ ಅಭಂಗ. ಮೂನ್ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ದೇಹುವಿನಲ್ಲಿ ಕೂತವರಿಗೆ ನಮ್ಮ ಈ ಪಾಡು ಗೊತ್ತಿತ್ತು. ನಾನೂ ನಕ್ಕೆ. ಆದರೆ ಕೈ ನಡುಗುತ್ತಲೇ ಇತ್ತು. ಆ ನೀರು ಇನ್ನು ಐದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಊಹಿಸಬಲ್ಲೆ. ಮೇಲಿದ್ದವನು ಆಪರೇಟರು, ಕೆಳಗಿದ್ದವನು ಕಾಕಾ. ನಾನು ಸ್ಟೋರಿನಲ್ಲಿ ಕ್ಷೇಮವಾಗಿದ್ದೆ.

ಇಷ್ಟಾದರೆ ಇದು ನಗೆಚಾಟಿಕೆಯ ಲೇಖನ. ಇಲ್ಲಿಗೆ ನಿಲ್ಲಿಸಬಹುದಿತ್ತು.

ನಾಲ್ಕು ಗಂಟೆಗೆ ಶೀಟು ಬರೆಯಲು ಕೂತೆ. 2:40ಕ್ಕೆ ಪಂಪು ನಿಂತಿತು. 2:43ಕ್ಕೆ ಬದಲಿ ನೀರಿನ ವಾಲ್ವು ತೆರೆಯಲಾಯಿತು. ಗರಿಷ್ಠ ಉಷ್ಣತೆ 41. ಮುಂದಿನ ಕಾಲಂ, 'ಡನ್ ಬೈ'. ಠೇಕೇದಾರನ ಕೆಲಸಗಾರ ಬ್ಯಾಚ್ ಶೀಟಿಗೆ ಸಹಿ ಹಾಕುವಂತಿರಲಿಲ್ಲ. ತರಬೇತಿ ಪಟ್ಟಿಯಲ್ಲಿ ಅವನ ಹೆಸರಿಲ್ಲ. ತೆರೆಯಲಾಯಿತು ಎಂಬ ಕರ್ಮಣಿ ಪ್ರಯೋಗ ಎಷ್ಟು ಅನುಕೂಲದ್ದು ನೋಡಿ. ನನ್ನ ಸಹಿ ಹಾಕಿದೆ. ಬೆಳಿಗ್ಗೆ ಮ್ಯಾನೇಜರರು ಒಂದು ಪುಟದ ವರದಿ ಕೇಳಿದರು, ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. "ಕ್ವಿಕ್ ಥಿಂಕಿಂಗ್, ವೆರಿ ಗುಡ್" ಎಂದು ಭುಜ ತಟ್ಟಿದರು. ಅದೇ ಸೋಡಾ ಹೊತ್ತ ಭುಜ. ಬಾಯಿ ಬಿಟ್ಟು "ನಾನಲ್ಲ ಸಾರ್" ಎನ್ನಲು ಮೂರು ಶಬ್ದ ಸಾಕಿತ್ತು, ಇಂಗ್ಲಿಷಿನಲ್ಲೂ ಅಷ್ಟೇ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ, ಅಪ್ಪನ ಸೊಸೈಟಿ ಸಾಲ ಇತ್ತು. ಕಾರಣಗಳಿಗೇನು, ಬೇಕಾದಷ್ಟು. ಡಿಸೆಂಬರಿನಲ್ಲಿ ನನ್ನನ್ನು ಕಾಯಂ ಮಾಡಿದರು. ಪತ್ರದಲ್ಲಿ ಆ ರಾತ್ರಿಯ ಉಲ್ಲೇಖವೂ ಇತ್ತು.

ಕಾಕಾನಿಗೆ ಪೇಢೆ ಕೊಟ್ಟೆ. ತಿಂದು, "ಚಲೋ ಆತು" ಎಂದ. ಅವನಿಗೆ ಶೀಟಿನ ವಿಷಯ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅಂದಿನಿಂದ ಮಾತ್ರ ದಿನಾ ಅರ್ಧ ಗಂಟೆ ಅವನ ಹತ್ತಿರ ಮರಾಠಿ ಕಲಿತೆ. ಒಂದು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಮೊದಲ ಶಬ್ದ: ಸೋಡಾ, ಬಿಡಿ.

ಆಮೇಲೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದಾಗ ಕಾರ್ಮಿಕ ಕಾನೂನುಗಳ ಪುಸ್ತಕ ಕೈಗೆ ಬಂತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಆಗ ಜಾರಿಯಲ್ಲಿತ್ತು. 2025ರ ನವೆಂಬರಿನಲ್ಲಿ ಹೊಸ ಸಂಹಿತೆಗಳು ಬಂದು ಅದು ಹೋಯಿತು. ಹೊರರಾಜ್ಯದಿಂದ ಠೇಕೇದಾರ ಕರೆತಂದ ಕೆಲಸಗಾರನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ಅದು ಹಿಂದಿ, ಇಂಗ್ಲಿಷಿನಲ್ಲಿರಬೇಕು, ಕೆಲಸಗಾರನ ಭಾಷೆ ಬೇರೆಯಾದರೆ ಆ ಭಾಷೆಯಲ್ಲೂ ಇರಬೇಕು ಎಂದು ಅದರಲ್ಲಿತ್ತು. ಕನ್ನಡದಲ್ಲಿ! ಓದಿ ಪುಸ್ತಕ ಮುಚ್ಚಿದೆ. ಕಾಕಾನನ್ನು ಯಾರೂ ಕರೆತಂದಿರಲಿಲ್ಲ, ತಾನೇ ಬಂದವನು ಎಂದು ಠೇಕೇದಾರ ವಾದಿಸಬಹುದಿತ್ತು. ಅವನ ಹತ್ತಿರ ಇದ್ದದ್ದು ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ರೇಷನ್ ಕಾರ್ಡಿನ ಜೆರಾಕ್ಸು, ಮಗಳ ಕಾಗದಗಳು.

2006ರಲ್ಲಿ ನಾನು ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟಾಗ ಕಾಕಾ ದೌಂಡ್ ಸ್ಟೇಷನ್ನಿಗೆ ಬಂದಿದ್ದ. ಖಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಂದಿದ್ದ. ಗಾಡಿ ತಡ. ಬಹಳ ಹೊತ್ತು ಸುಮ್ಮನಿದ್ದು, "ಸರ, ಒಂದ್ ಕೆಲಸ ಮಾಡಿಕೊಡ್ರಿ" ಎಂದ. ಠೇಕೇದಾರ ಬದಲಾಗುತ್ತಾನಂತೆ. ಹೊಸಬ ಹಳಬರನ್ನು ಇಟ್ಟುಕೊಳ್ಳುತ್ತಾನೋ ಇಲ್ಲವೋ. "ಇಷ್ಟ ವರ್ಸ ಇಲ್ಲಿ ದುಡದೀನಿ ಅಂತ ಇಂಗ್ಲಿಷ್‌ದಾಗ ಒಂದ್ ಚೀಟಿ ಬರದ ಕೊಡ್ರಿ. ನಿಮ್ಮ ಇಂಗ್ಲಿಷ್ ನೋಡಿದ್ರ ಎಲ್ಲಾರೂ ಒಳಗ ಬಿಡ್ತಾರ."

ನೋಟುಬುಕ್ಕಿನ ಹಾಳೆ ಹರಿದು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬರೆದೆ. ಹೆಸರು, ಊರು, ಆರು ವರ್ಷದ ಕೆಲಸ. ಆಮೇಲೆ ಇನ್ನೊಂದು ವಾಕ್ಯ: 2003ರ ಸೆಪ್ಟೆಂಬರಿನಲ್ಲಿ ರಾತ್ರಿ ಪಾಳಿಯಲ್ಲಿ ಪಂಪು ನಿಂತಾಗ ವಾಲ್ವು ತೆರೆದು ಅಪಾಯ ತಪ್ಪಿಸಿದವನು ಈತ. ಕೆಳಗೆ ನನ್ನ ಸಹಿ. ಏನು ಅಧಿಕಾರದಿಂದ ಸಹಿ ಹಾಕಿದೆನೋ; ನಾನು ಆಗಲೇ ರಾಜೀನಾಮೆ ಕೊಟ್ಟವನು.

"ಏನ್ ಬರದೀರಿ, ಓದ್ರಿ" ಎಂದ. ಕನ್ನಡದಲ್ಲಿ ಓದಿ ಹೇಳಿದೆ. ವಾಲ್ವಿನ ವಾಕ್ಯ ಬಂದಾಗ ಹಳಿಗಳ ಕಡೆ ನೋಡುತ್ತ, "ಅದ್ಯಾಕ ಬರದ್ರಿ ಸರ, ಹಳೀ ಮಾತು" ಎಂದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮಗಳ ಕಾಗದಗಳ ನಡುವೆ ಇಟ್ಟು, ಚೀಲದ ಬಾಯಿಗೆ ರಬ್ಬರು ಹಾಕಿದ. ಗಾಡಿ ಬಂತು. ಅವನು ನನ್ನ ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೆ ತಳ್ಳಿದ.